ಬೇಲಿಯಾಚೆಗೂ ನೀರು ಹಾಕಿದ ಚಾಚಾ

ಚಾಚಾರ ಬೆನ್ನಿನ ಬಲಭಾಗ ಯಾವಾಗಲೂ ಒದ್ದೆ. ಮಶಕ ಎಂದರೆ ಇಡೀ ಆಡಿನ ಚರ್ಮವನ್ನು ಹದ ಮಾಡಿ ಹೊಲಿದ ನೀರಿನ ಚೀಲ. ಅದನ್ನು ಬಲಗಡೆಯ ಸೊಂಟದ ಮೇಲೆ ಹೊತ್ತು ಹೊತ್ತು ಅವರ ಮೈಯೇ ಎಡಕ್ಕೆ ವಾಲಿಬಿಟ್ಟಿತ್ತು. ಚೀಲ ಇಳಿಸಿದಾಗಲೂ ವಾಲಿಯೇ ನಡೆಯುತ್ತಿದ್ದರು. ಅಂಗಿ ತೆಗೆದರೆ ಆ ಕಡೆಯ ಚರ್ಮ ಬೆಳ್ಳಗೆ, ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಬೇಸಿಗೆಯಲ್ಲಿ ದಾರಿಯ ಧೂಳು ಕಾದ ಹಂಚಿನಂತಾದಾಗ ಚೀಲದ ಬಾಯಿಂದ ಬೀಳುವ ಹನಿಗಳು ನೆಲದ ಮೇಲೆ ಒಂದು ಗೆರೆ ಎಳೆಯುತ್ತಿದ್ದವು. ಊರಿಗೆಲ್ಲ ಚಪ್ಪಲಿ ಹೊಲಿಯುವವರ ಮಕ್ಕಳಾದ ನಮ್ಮ ಕಾಲಿಗೇ ಚಪ್ಪಲಿ ಇರಲಿಲ್ಲ. ನಾವು ಆ ಹಸಿ ಗೆರೆಯ ಮೇಲೆ ಹೆಜ್ಜೆ ಇಡುತ್ತ ಅವರ ಹಿಂದೆ ಹೋಗುತ್ತಿದ್ದೆವು. ಅವರು ಹಿಂತಿರುಗಿ ನೋಡುತ್ತಿರಲಿಲ್ಲ. ಆದರೆ ನಾವು ಹಿಂದಿದ್ದೇವೆ ಎಂದು ಗೊತ್ತಾದ ಕೂಡಲೇ ಚೀಲದ ಬಾಯಿ ಹಿಡಿದ ಮುಷ್ಟಿಯನ್ನು ಒಂದಿಷ್ಟು ಸಡಿಲಿಸುತ್ತಿದ್ದರು.

ನೀರು ಹೊರುವ ಅವರನ್ನು ಊರಿನವರು ‘ಭಿಸ್ತಿ’ ಎಂದು ಕರೆಯುತ್ತಿದ್ದರು. ‘ಏ ಭಿಸ್ತಿ, ಬಾ ಇಲ್ಲಿ’ ಎಂದು ಎಂಟು ವರ್ಷದ ಪೋರರೂ ಕೂಗುತ್ತಿದ್ದರು. ನಮಗೆ ಅವರು ಚಾಚಾ, ಚಿಕ್ಕಪ್ಪ. ನಾನು ‘ಅವರು’ ಎಂದೇ ಬರೆಯುತ್ತೇನೆ. ನನಗೆ ಬರೆಯಲು ಬರುವುದೇ ಅವರಿಂದ.

ನಮ್ಮೂರು ಲಿಂಗಸುಗೂರಿನಿಂದ ಮಸ್ಕಿಗೆ ಬರುವ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ. ಅಂದು ನಮ್ಮನ್ನು ಹೊರಗೆ ಹಾಕಿದವರ ಮೊಮ್ಮಕ್ಕಳು ಇಂದು ಎದುರಿಗೆ ಸಿಕ್ಕರೆ ‘ಟೀಚರಮ್ಮ ಚಲೋ ಅದೀರೇನ್ರಿ’ ಎಂದು ಕೈ ಮುಗಿಯುತ್ತಾರೆ. ಅವರ ಅಜ್ಜಂದಿರ ಪಾಪವನ್ನು ಅವರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಹಾಗೆಂದು ಮರೆಯುವ ಮನಸ್ಸೂ ಇಲ್ಲ.

ಹೋದ ವರ್ಷ ಒಂದು ಶಾಲೆಯ ಸಮಾರಂಭಕ್ಕೆ ನನ್ನನ್ನು ಕರೆದಿದ್ದರು. ಮಕ್ಕಳನ್ನು ಕೋಣೆಯಿಂದ ಹೊರಗೆ ತಂದು ಗಿಡಮರಗಳ ನಡುವೆ ಪಾಠ ಹೇಳುವುದು ಈಗ ಹೊಸ ಪದ್ಧತಿಯಂತೆ. ವೇದಿಕೆಯ ಮೇಲೆ ನಿಂತ ಒಬ್ಬ ಭಾಷಣಕಾರರು, ಹಿಂದಿನ ಕಾಲದ ಮಕ್ಕಳು ಎಷ್ಟು ಪುಣ್ಯವಂತರು, ನೆಲವೇ ಅವರ ಪಾಟಿ, ಆಕಾಶವೇ ಅವರ ಮಾಡು, ಪಕ್ಕದಲ್ಲಿ ಕೂತಿರುವ ಈ ತಾಯಿಯಂಥವರು ಹಾಗೆಯೇ ಕಲಿತು ಬಂದವರು ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಕಿವಿ ಸುಟ್ಟ ಹಾಗಾಯಿತು. ಹೌದು, ನಾವು ಬಯಲಿನಲ್ಲೇ ಕಲಿತೆವು. ಬಯಲು ಚೆಂದವೆಂದು ಅಲ್ಲ, ಒಳಗೆ ಬಿಡಲಿಲ್ಲವೆಂದು. ಆ ಮಾತನ್ನು ಅಲ್ಲಿ ಎದ್ದು ಹೇಳಲು ಆಗಲಿಲ್ಲ. ಮನೆಗೆ ಬಂದು ಕಾಗದ ತೆಗೆದು ಕೂತೆ.

ನಿಜಾಮರ ಕಾಲ. ನಮ್ಮೂರಲ್ಲಿ ಒಂದು ಪೊಲೀಸ್ ಠಾಣೆ, ಒಂದು ಮುಸಾಫಿರ್ ಬಂಗಲೆ, ಒಂದು ಸರಕಾರಿ ಶಾಲೆ ಇದ್ದವು. ಈ ಮೂರಕ್ಕೂ ನೀರು ಹೊರುವುದು, ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸುವುದು ಚಾಚಾರ ಕೆಲಸ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಸಿಂಧನೂರಿನಲ್ಲಿ ಒಬ್ಬ ತಂಗಿ ಇದ್ದಳು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಅವರು ನಮ್ಮ ಕೇರಿಗೆ ಬರುತ್ತಿದ್ದರು. ತಂಗಡಿ ಗಿಡದ ತೊಗಟೆ ಹಾಕಿ ಚರ್ಮ ಹದ ಮಾಡುತ್ತಿದ್ದವನು, ಅವರ ಮಶಕ ಹೊಲಿಯುತ್ತಿದ್ದವನು ನನ್ನ ಅಪ್ಪ. ಊರಿನವರು ಮೂಗು ಮುಚ್ಚಿಕೊಂಡು ಕೇರಿಯ ತುದಿಯಲ್ಲೇ ನಿಂತು ಕೂಗಿದರೆ, ಇವರು ಒಳಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದು, ಅಪ್ಪ ಹೊಲಿಗೆ ಹಾಕುವುದನ್ನು ನೋಡುತ್ತಿದ್ದರು. ಇಷ್ಟು ಭಾರ ಹೆಂಗ ಹೊರ್ತೀರಿ ಎಂದು ಅವ್ವ ಕೇಳಿದಾಗ, “ಹೊರೂತನ ಭಾರವ್ವ, ಹೊತ್ತ ಮ್ಯಾಲೆ ಹಗುರ” ಎಂದಿದ್ದರು. ಏನು ಕೇಳಿದರೂ ಅದೇ ಮಾತು. ಮಗುವಿಗೆ ಜ್ವರ ಬಂದರೂ ಅದೇ, ಮಳೆ ತಪ್ಪಿದರೂ ಅದೇ.

ಆಗ ಮೇಲಿನಿಂದ ಹುಕುಂ ಬಂತಂತೆ, ನಮ್ಮ ಕೇರಿಯ ಹುಡುಗರನ್ನೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು. ಹುಕುಂ ಪಾಲಿಸಿದ್ದನ್ನು ತೋರಿಸಲು ಮೂವರು ಹುಡುಗರ ಹೆಸರು ಹಾಜರಿ ಪುಸ್ತಕಕ್ಕೆ ಏರಿತು. ಅದರಲ್ಲಿ ಒಬ್ಬ ನನ್ನ ತಮ್ಮ. ಅವನಿಗೆ ಆರು ವರ್ಷ. ದಾರಿಯಲ್ಲಿ ನಾಯಿಗೆ ಹೆದರುತ್ತಾನೆಂದು ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬಿಡುವುದು, ಶಾಲೆ ಮುಗಿಯುವ ತನಕ ಅಲ್ಲೇ ಕಾಯುವುದು ಒಂಬತ್ತು ವರ್ಷದ ನನ್ನ ಕೆಲಸ. ನನ್ನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೆಸರು ಒಳಗೆ ಹೋಯಿತು, ಮಕ್ಕಳು ಹೋಗಲಿಲ್ಲ. ಶಾಲೆಯ ಹಿಂದೆ ಒಂದು ಕಿಟಕಿ. ಅದರಾಚೆ ನಾಲ್ಕು ಮಾರು ದೂರದಲ್ಲಿ ಜಾಲಿಮುಳ್ಳಿನ ಬೇಲಿ. ಬೇಲಿಯ ಹೊರಗೆ, ನೆರಳಿಲ್ಲದ ಜಾಗದಲ್ಲಿ ನಮ್ಮನ್ನು ಕೂರಿಸಿದರು. ಅಲ್ಲಿಂದ ಕರಿಹಲಗೆಯ ಅರ್ಧ ಕಾಣುತ್ತಿತ್ತು. ಮಾಸ್ತರರು ಎಡಗಡೆ ಬರೆದದ್ದು ನಮಗೆ ಸಿಗುತ್ತಿತ್ತು, ಬಲಗಡೆ ಬರೆದದ್ದು ಗೋಡೆಯ ಪಾಲು. ಉರ್ದು ಬಲದಿಂದ ಶುರುವಾಗುತ್ತದೆ, ಹಾಗಾಗಿ ನಮಗೆ ಪ್ರತಿ ಮಾತಿನ ಬಾಲ ಮಾತ್ರ ಗೊತ್ತಿತ್ತು, ತಲೆ ಗೊತ್ತಿರಲಿಲ್ಲ. ಕನ್ನಡದ ಒಂದು ತಾಸಿನಲ್ಲಿ ತಲೆ ಸಿಗುತ್ತಿತ್ತು, ಬಾಲ ಸಿಗುತ್ತಿರಲಿಲ್ಲ. ನಮ್ಮ ಪಾಟಿಯನ್ನು ಮಾಸ್ತರರು ಮುಟ್ಟುವಂತಿರಲಿಲ್ಲ, ಆದ್ದರಿಂದ ಪಾಟಿಯೇ ಬೇಡವೆಂದರು. ನಾವು ಧೂಳಿನಲ್ಲಿ ಬೆರಳಾಡಿಸುತ್ತಿದ್ದೆವು. ಗಾಳಿ ಬಂದು ಒಯ್ಯುತ್ತಿತ್ತು.

ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದ ಚಾಚಾ ಬೇಲಿಯ ಹತ್ತಿರ ಬಂದು ನಿಂತರು. ನಾನು ನಾಲ್ಕನೆಯ ಸಲ ಉರ್ದುವಿನ ಮೊದಲ ಅಕ್ಷರ ಅಲಿಫ್ ಬರೆದಿದ್ದೆ, ನಾಲ್ಕನೆಯ ಸಲ ಗಾಳಿ ಅಳಿಸಿತ್ತು. ಮರುದಿನ ನಾವು ಹೋಗುವಷ್ಟರಲ್ಲಿ ಬೇಲಿಯ ಹೊರಗೆ, ನಾವು ಕೂರುವ ಕಡೆ, ಹಳ್ಳದ ಸಣ್ಣ ಉಸುಕು ಹರಡಿತ್ತು. ಚಾಚಾ ಬಂದು ಅದರ ಮೇಲೆ ನೀರು ಚಿಮುಕಿಸಿ, ಪಾದದಿಂದ ಸವರಿ ಸಮ ಮಾಡಿದರು. ಇದೇನು ಎಂದು ಮಾಸ್ತರರು ಕಿಟಕಿಯಿಂದ ಕೇಳಿದಾಗ, ಹೊರಗಿನ ಧೂಳು ಹಾರಿ ಸಾಹೇಬರ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ಎಂದರು. ಮಾಸ್ತರರು ಒಪ್ಪಿದರು. ಅಂದಿನಿಂದ ನಮ್ಮ ಅಕ್ಷರ ನಿಂತವು. ಬಿಸಿಲಿಗೆ ಒಣಗಿದಂತೆಲ್ಲ ಚಾಚಾ ಮತ್ತೆ ಬಂದು ಚಿಮುಕಿಸುವರು. ಮಾಸ್ತರರು ಮನಸ್ಸು ಬಂದ ದಿನ ಬೇಲಿಯ ಹತ್ತಿರ ಬಂದು, ಉದ್ದನೆಯ ಬೆತ್ತವನ್ನು ಮುಳ್ಳಿನ ಮೇಲಿಂದ ಚಾಚಿ ತಪ್ಪು ಅಕ್ಷರವನ್ನು ಅಳಿಸುತ್ತಿದ್ದರು. ಬೆತ್ತಕ್ಕೆ ಮೈಲಿಗೆ ಇರಲಿಲ್ಲ. ಹೊಡೆಯಲಿಕ್ಕೂ ಅದೇ ಬೆತ್ತ ಮುಟ್ಟುತ್ತಿತ್ತು.

ಚಾಚಾರಿಗೂ ಅಕ್ಷರ ಗೊತ್ತಿರಲಿಲ್ಲ. ನಾವು ಬರೆದದ್ದನ್ನು ಬಗ್ಗಿ ನೋಡಿ ಇದೇನು, ಅದೇನು ಎಂದು ಕೇಳುತ್ತಿದ್ದರು. ನಾನು ಅಲಿಫ್ ತೋರಿಸಿದೆ, ನೆಟ್ಟಗಿನ ಗೆರೆ. ದಾಲ್ ತೋರಿಸಿದೆ, ನಡು ಬಗ್ಗಿದ್ದು. ಅವರು ನಕ್ಕರು. “ಖಾಲಿ ಕೈಲೆ ಬರೂವಾಗ ನಾ ಅಲಿಫ್. ಮಶಕ ಹೊತ್ತೆ ಅಂದ್ರ ದಾಲ್. ನೋಡು, ನಾನೂ ಎರಡು ಅಕ್ಷರ ಕಲ್ತೆ.” ಆಮೇಲೆ ಒಮ್ಮೆ ಮಾಸ್ತರರನ್ನೇ ಕೇಳಿದರಂತೆ, ಈ ಹುಡುಗಿ ಹೆಸರು ಯಾಕೆ ಬರೆದಿಲ್ಲ ಎಂದು. ಹುಕುಂನಲ್ಲಿ ಹುಡುಗಿಯರ ಮಾತಿಲ್ಲ ಎಂದು ಉತ್ತರ ಬಂತು.

ಪಾಠ ಕದ್ದು ಕೇಳಬಹುದು, ಆಟ ಕದ್ದು ಆಡಲಾಗುವುದಿಲ್ಲ. ಶಾಲೆಯ ಪಕ್ಕಕ್ಕೆ, ನಾವು ಕೂರುವ ಬೇಲಿಗೆ ತಾಗಿದಂತೆ ದೊಡ್ಡ ಮೈದಾನ. ಅದರಲ್ಲಿ ಹಿಡಿದು ಜೋತುಬಿದ್ದು ಕಸರತ್ತು ಮಾಡುವ ಎರಡು ಕಬ್ಬಿಣದ ಬಾರುಗಳು, ಬೇವಿನ ಮರಕ್ಕೆ ಸರಪಳಿಯಿಂದ ತೂಗಿಬಿಟ್ಟ ಜೋಕಾಲಿ, ಒಂದು ಫುಟ್‌ಬಾಲು. ಸಂಜೆ ಒಳಗಿನ ಮಕ್ಕಳು ಏಕ್ ದೋ ಎಂದು ಡ್ರಿಲ್ ಮಾಡಿ ಆಮೇಲೆ ಆಟಕ್ಕೆ ಬಿದ್ದರೆ, ನಾವು ಬೇಲಿಗೆ ಮುಖ ಹಚ್ಚಿ ನೋಡುತ್ತಿದ್ದೆವು. ನಮಗೆ ಆಟ ಇರಲಿಲ್ಲವೆಂದಲ್ಲ. ಚಿಣಿಕೋಲು, ಗಿಡಮಂಗ, ಹುತುತು ಎಲ್ಲ ಇದ್ದವು. ಆದರೆ ನಮ್ಮ ಹೆಸರೂ ಬರೆದಿರುವ ಶಾಲೆಯ ಜೋಕಾಲಿ ಅದು. ತೂಗುವಾಗ ಅದರ ಸರಪಳಿ ಕಿರ್ರೆನ್ನುವ ಸದ್ದಿಗೆ ನನ್ನ ತಮ್ಮ ಕೂತಲ್ಲೇ ಹಿಂದೆ ಮುಂದೆ ವಾಲುತ್ತಿದ್ದ.

ಒಮ್ಮೆ ಚೆಂಡು ಬೇಲಿ ದಾಟಿ ಬಂತು. ನಮ್ಮ ಕೇರಿಯ ಹುಡುಗ ಎತ್ತಿ ಒಳಗೆ ಎಸೆದ. ಆ ಚೆಂಡನ್ನು ಯಾರೂ ಮುಟ್ಟಲಿಲ್ಲ. ಮರುದಿನವಿಡೀ ಬಿಸಿಲಲ್ಲಿ ಬಿದ್ದಿತ್ತು. ಆಮೇಲೆ ನಿಯಮವಾಯಿತು: ಚೆಂಡು ಹೊರಗೆ ಬಿದ್ದರೆ ನಾವು ಹತ್ತು ಹೆಜ್ಜೆ ಹಿಂದೆ ಸರಿಯಬೇಕು, ಭಿಸ್ತಿ ಹೋಗಿ ತರಬೇಕು. ಚಾಚಾ ಬರುತ್ತಿದ್ದರು. ಚೆಂಡು ಎತ್ತಿಕೊಳ್ಳುತ್ತಿದ್ದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ಅವರ ಕೈಜಾರಿ ನಮ್ಮ ಕಡೆ ಉರುಳುತ್ತಿತ್ತು. ಮಶಕ ಹೊತ್ತು ಹೊತ್ತು ಕೈಯಲ್ಲಿ ಹಿಡಿತವಿಲ್ಲ ಎಂದು ಜೋರಾಗಿ ಗೊಣಗುತ್ತ, ಮೈದಾನಕ್ಕೆ ಬೆನ್ನು ಅಡ್ಡ ಮಾಡಿ ಮೆಲ್ಲಗೆ “ಒದೀ ಲೇ ಜಲ್ದಿ” ಎನ್ನುವರು. ದಿನಕ್ಕೊಂದು ಒದೆತ. ಅಷ್ಟೇ ನಮ್ಮ ಫುಟ್‌ಬಾಲು.

ಆ ಕಾಲದಲ್ಲಿ ರಜೆ ಶುಕ್ರವಾರ. ಅಂದು ಶಾಲೆಯಲ್ಲಿ ಯಾರೂ ಇರುವುದಿಲ್ಲ. ಗಿಡಗಳಿಗೆ ನೀರು ಹಾಕಲು ಗೇಟಿನ ಕೀಲಿ ಚಾಚಾರ ಹತ್ತಿರ ಇರುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಕೇರಿಗೆ ಬಂದು ನಮ್ಮನ್ನು ಕರೆದರು. ಅವ್ವ ಹೆದರಿದಳು. ಅವರು ಹೇಳಿದರು: “ಇವತ್ತು ಆ ಮೈದಾನಕ್ಕ ನಾನ ಮಾಲಕ. ನಮಾಜಿಗೆ ಹೋಗೂದರಾಗ ಕರ್ಕೊಂಡು ಬಂದು ಬಿಡ್ತೀನಿ.”

ನಾವು ಮೊದಲ ಬಾರಿ ಗೇಟಿನಿಂದ ಒಳಗೆ ಹೋದೆವು. ಹೋಗಿ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತೆವು. ಕಬ್ಬಿಣದ ಬಾರು ಬಿಸಿಲಿಗೆ ಕಾಯ್ದಿತ್ತು. ಚಾಚಾ ಮಶಕದ ಬಾಯಿ ಬಿಚ್ಚಿ ಅದರ ಉದ್ದಕ್ಕೂ ನೀರು ಬಿಟ್ಟು, ಕೈಯಿಂದ ಮುಟ್ಟಿ ನೋಡಿ, ಈಗ ಹಿಡೀರಿ ಎಂದರು. ಹುಡುಗರು ಬಾವಲಿಗಳ ಹಾಗೆ ಜೋತುಬಿದ್ದರು. ನಾನು ಜೋಕಾಲಿ ಹತ್ತಿದೆ. ಅವರು ಒಂದೇ ಸಲ ದೂಡಿದರು. ನಾನು ಮೇಲೆ ಹೋದಾಗ ಬೇಲಿಯ ಮೇಲಿಂದ ನಾವು ದಿನಾ ಕೂರುವ ಜಾಗ ಕಾಣಿಸಿತು. ನಾಲ್ಕು ಬುಟ್ಟಿಯಷ್ಟು ಉಸುಕು, ಅದರ ಮೇಲೆ ನಮ್ಮ ನಿನ್ನೆಯ ಅಕ್ಷರಗಳು. ಅಷ್ಟು ಸಣ್ಣ ಜಾಗದಲ್ಲಿ ನಮ್ಮನ್ನು ಕೂರಿಸಿ, ಇಷ್ಟು ದೊಡ್ಡ ಬಯಲನ್ನು ಖಾಲಿ ಬಿಟ್ಟಿದ್ದರಲ್ಲ ಎಂದು ಆ ವಯಸ್ಸಿನಲ್ಲೇ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೀಗೆ ಐದು ಶುಕ್ರವಾರ ನಡೆಯಿತು. ಆರನೆಯದಕ್ಕೆ ಊರ ಗೌಡರ ಮಗ, ನನ್ನ ವಯಸ್ಸಿನವನೇ, ಹಿಂದಿನ ದಿನ ಮರೆತಿದ್ದ ಟೊಪ್ಪಿಗೆ ಹುಡುಕಿಕೊಂಡು ಬಂದ. ಬಾರಿಗೆ ಜೋತುಬಿದ್ದ ನನ್ನ ತಮ್ಮನನ್ನು ನೋಡಿ ಬಾಯಿ ತೆರೆದು ನಿಂತ. ಟೊಪ್ಪಿಗೆ ಅಲ್ಲೇ ಬಿಟ್ಟು ಓಡಿದ. ಅವನನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಕಲಿಸಿದ್ದನ್ನು ಕಲಿತಿದ್ದ. ನಮಗಿಂತ ಚೆನ್ನಾಗಿ ಕಲಿಸಿದ್ದರು ಅವನಿಗೆ.

ಶನಿವಾರ ಬೆಳಿಗ್ಗೆ ಅಪ್ಪನನ್ನು ಕರೆಸಿದರು. ಮೈದಾನದಲ್ಲಿ ಎಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಗೌಡರು ಕುರ್ಚಿಯ ಮೇಲೆ ಕೂತಿದ್ದರು. ಬಾರು, ಜೋಕಾಲಿ ಮೈಲಿಗೆಯಾದವು, ಇನ್ನು ಊರಿನ ಮಕ್ಕಳು ಈ ಶಾಲೆಗೆ ಬರುವುದಿಲ್ಲ ಎಂದು ಅವರು ಹೇಳಿಯಾಗಿತ್ತು. ಹೆಡ್‌ಮಾಸ್ತರರು ಹೈದರಾಬಾದಿನ ಕಡೆಯವರು, ಷೇರ್ವಾನಿಯ ಗುಂಡಿ ಹಾಕದೆ ಹೊರಗೆ ಬರುತ್ತಿರಲಿಲ್ಲ, ಬಹಳ ಓದಿದವರು. ಅವರಿಗೆ ಈ ಮೈಲಿಗೆಯಲ್ಲಿ ನಂಬಿಕೆ ಇರಲಿಲ್ಲ. ಗೌಡರು ಹೋದ ಮೇಲೆ ಅದನ್ನು ಹೀಯಾಳಿಸಿ ನಗುತ್ತಿದ್ದರೆಂದು ಚಾಚಾ ಎಷ್ಟೋ ಸಲ ಹೇಳಿದ್ದರು. ನಂಬಿದವರ ಮೇಲೆ ನನಗಿರುವ ಕೋಪಕ್ಕಿಂತ, ನಂಬದೆಯೂ ಕೋಲು ಎತ್ತಿಸಿದ ಆ ಮನುಷ್ಯನ ಮೇಲಿನ ಕೋಪ ದೊಡ್ಡದು. ಮಕ್ಕಳ ಸಂಖ್ಯೆ ಇಳಿದರೆ ಮೇಲಿನವರು ಕೇಳುತ್ತಾರಲ್ಲ, ಅಷ್ಟೇ ಅವರ ಚಿಂತೆ.

ಮೂವರು ಹುಡುಗರಿಗೂ ಕೈ ಚಾಚಲು ಹೇಳಿದರು. ಮಾಸ್ತರರು ಒಬ್ಬೊಬ್ಬರಿಗೆ ಆರು ಏಟು ಹಾಕಿದರು, ಶುಕ್ರವಾರಕ್ಕೆ ಒಂದರಂತೆ. ನನ್ನ ತಮ್ಮ ಕೊನೆಯವನು. ನಾಲ್ಕನೆಯ ಏಟಿಗೆ ಅವನ ಚಡ್ಡಿ ಒದ್ದೆಯಾಯಿತು. ಸಾಲಿನಲ್ಲಿದ್ದವರು ನಕ್ಕರು. ಅಪ್ಪ ಕೈ ಮುಗಿದುಕೊಂಡು ನೆಲ ನೋಡುತ್ತ ನಿಂತಿದ್ದ. ನಾನು ಹೆಸರಿಲ್ಲದವಳು, ನನಗೆ ಏಟೂ ಇರಲಿಲ್ಲ.

ಆಮೇಲೆ ಹೆಡ್‌ಮಾಸ್ತರರು ಚಾಚಾರನ್ನು ಕರೆದು, ಮಶಕ ತುಂಬಿಕೊಂಡು ಬಂದು ಬಾರು, ಜೋಕಾಲಿ ಎರಡನ್ನೂ ತೊಳೆಯಲು ಹೇಳಿದರು. ತೊಳೆದರೆ ಈ ಸಲ ಮಾಫಿ ಎಂದರು. ಚಾಚಾ ಬಾವಿಗೆ ಹೋಗಿ ತುಂಬಿಕೊಂಡು ಬಂದರು. ಬಾರಿನ ಹತ್ತಿರ ನಿಂತರು. ಮಶಕದ ಬಾಯಿ ಬಿಚ್ಚಲಿಲ್ಲ.

“ತೊಳೀತೀನ್ರಿ ಸಾಹೇಬ್ರ. ಮದಲ ಒಂದು ಮಾತು ಕೇಳ್ತೀನಿ. ಈ ಮಶಕದ ಚರ್ಮ ಹದಾ ಮಾಡಿದಾಂವ ಅಗಾ ಅಲ್ಲಿ ನಿಂತಾನ, ಈ ಹುಡುಗನ ಅಪ್ಪ. ಹೊಲದಾಂವನೂ ಅವನ. ಮಗ ಮುಟ್ಟಿದ ಕಬ್ಬಿಣ ಮೈಲಿಗಿ ಅಂತೀರಿ. ಅಪ್ಪ ಹೊಲದ ಚೀಲದ ನೀರು ಹಾಕಿದ್ರ ಮಡಿ ಆಗತೈತಿ ಅಂತೀರಿ. ನಾ ಓದಿದಾಂವಲ್ಲ. ಇದರಾಗ ಯಾವುದು ಖರೆ ಅಂತ ಓದಿದವರು ಒಬ್ಬರು ಹೇಳ್ರಿ. ಆಮ್ಯಾಲೆ ತೊಳೀತೀನಿ.”

ಸಾಲಿನಲ್ಲಿ ಯಾರೋ ಒಬ್ಬ ಹುಡುಗ ಕಿಸಕ್ಕೆಂದ, ಮಾಸ್ತರರು ತಿರುಗಿ ನೋಡಿದಾಗ ಸುಮ್ಮನಾದ. ಭಿಸ್ತಿಗೆ ಮಾತು ಬಹಳ ಬಂದಾವ ಎಂದು ಗೌಡರು ಕುರ್ಚಿಯಿಂದ ಎದ್ದರು. ಹೆಡ್‌ಮಾಸ್ತರರ ಮುಖ ಕೆಂಪಗಾಯಿತು. ತೊಳಿ, ಇಲ್ಲವೇ ಹೋಗು ಎಂದರು, ಅಷ್ಟೇ.

ಚಾಚಾ ಹೋದರು. ಆದರೆ ಗೇಟಿನ ಕಡೆ ಅಲ್ಲ. ನೇರ ನನ್ನ ತಮ್ಮನ ಹತ್ತಿರ ಬಂದು ಮೊಣಕಾಲೂರಿ ಕೂತರು. ಅವನ ಊದಿದ ಎರಡು ಕೈಗಳನ್ನು ತಮ್ಮ ಎಡಗೈಯಲ್ಲಿ ಹಿಡಿದು, ಮಶಕದ ಬಾಯಿ ಬಿಚ್ಚಿ, ಮೆಲ್ಲಗೆ ನೀರು ಬಿಟ್ಟರು. ಅವನು ಬಿಕ್ಕುವುದು ನಿಲ್ಲುವ ತನಕ ಬಿಟ್ಟರು. ಆಮೇಲೆ ಉಳಿದಿಬ್ಬರ ಕೈಗೂ ಬಿಟ್ಟರು. ಗೌಡರು, ಹೆಡ್‌ಮಾಸ್ತರರು, ನೂರು ಮಕ್ಕಳು ನೋಡುತ್ತಿದ್ದಂತೆಯೇ ಇಡೀ ಮಶಕ ಖಾಲಿಯಾಯಿತು. ಎದ್ದು ನಿಂತು ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.

ಇದನ್ನು ಕೇಳಿದವರು, ನಿಮ್ಮಪ್ಪನಿಗೆ ಎಷ್ಟು ಹೆಮ್ಮೆಯಾಗಿರಬೇಕು ಎನ್ನುತ್ತಾರೆ. ಇಲ್ಲ. ಅಂದು ಸಂಜೆ ಚಾಚಾ ನಮ್ಮ ಕಟ್ಟೆಗೆ ಬಂದಾಗ ಅಪ್ಪ ಅವರನ್ನು ಬಾಯಿಗೆ ಬಂದಂತೆ ಬೈದ. “ನೀವು ಮಾತಾಡಿ ಹೋಗ್ತೀರಿ. ನಾಳೆ ಈ ಊರಾಗ ಇರಾಂವ ನಾನು. ನನ್ನ ಹೆಸರು ಹೇಳಾಕ ನಿಮಗ ಯಾರು ಹೇಳಿದ್ರು?” ಎಂದು ಕೂಗಿದ. ಚಾಚಾ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡರು. “ಖರೆ ಐತಿ ತಮ್ಮಾ. ನಿನ್ನ ಕೇಳಿ ಮಾತಾಡಬೇಕಿತ್ತು. ತಪ್ಪು ನಂದು” ಎಂದರು. ಬೈಸಿಕೊಂಡ ಮೇಲೂ ಎದ್ದು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪನೇ ಅವರಿಗೆ ನೀರು ತಂದುಕೊಟ್ಟ.

ಅಪ್ಪ ಹೆದರಿದ್ದೇ ಆಯಿತು. ಚಾಚಾರ ಮೂರೂ ಕೆಲಸ ಹೋದವು. ಅವರು ಸಿಂಧನೂರಿಗೆ ತಂಗಿಯ ಮನೆಗೆ ಹೊರಟರು. ಬಾರನ್ನು ಬೇರೆ ಯಾರಿಂದಲೋ ಹಿತ್ತಾಳೆ ಕೊಡದಲ್ಲಿ ನೀರು ತರಿಸಿ ತೊಳೆಸಿದರು. ಅಪ್ಪನಿಗೆ ಯಾರೂ ಚರ್ಮ ಕೊಡಲಿಲ್ಲ, ಸುಗ್ಗಿಯಲ್ಲಿ ಕೊಡುತ್ತಿದ್ದ ಜೋಳ ಕೊಡಲಿಲ್ಲ. ಮೂವರು ಹುಡುಗರ ಹೆಸರಿನ ಮುಂದೆ, ಇವರು ತಾವಾಗಿಯೇ ಶಾಲೆ ಬಿಟ್ಟಿದ್ದಾರೆ ಎಂದು ಬರೆದರಂತೆ. ತಾವಾಗಿಯೇ. ನಲವತ್ತು ವರ್ಷ ಮಾಸ್ತರಿಕೆ ಮಾಡಿದೆ, ಆ ಶಬ್ದವನ್ನು ಯಾವ ಮಗುವಿನ ಹೆಸರಿನ ಮುಂದೆಯೂ ಬರೆಯಲು ನನ್ನ ಕೈ ಏಳಲಿಲ್ಲ.

ಎರಡು ತಿಂಗಳಾದ ಮೇಲೆ ನಾವೂ ಗಂಟು ಕಟ್ಟಿದೆವು. ಸಿಂಧನೂರಿಗೆ ಬಂದರೆ ಸಂತೆಯಲ್ಲಿ ಚಪ್ಪಲಿ ಹೊಲಿದು ಬದುಕಬಹುದೆಂದು ಚಾಚಾ ಹೇಳಿಕಳಿಸಿದ್ದರು. ನಡೆದೇ ಹೊರಟೆವು. ಮಸ್ಕಿಯಲ್ಲಿ ಗುಡ್ಡದ ಬುಡದಲ್ಲಿ ದಣಿವಾರಿಸಿಕೊಳ್ಳಲು ಕೂತಾಗ, ಅಲ್ಲಿನ ಮಕ್ಕಳು ಒಂದು ಇಳಿಜಾರು ಬಂಡೆಯ ಮೇಲೆ ಜಾರುತ್ತಿದ್ದರು. ನನ್ನ ತಮ್ಮ ಅವರನ್ನೇ ನೋಡುತ್ತಿದ್ದ. ಅವನ ಅಂಗೈಯ ಗಾಯ ಆಗಲೇ ಒಣಗಿತ್ತು.

“ಯವ್ವಾ, ಈ ಬಂಡೆ ನಾವು ಮುಟ್ಟಬಹುದೇನು?” ಎಂದ.

ಅವ್ವ ತೊಡೆಯ ಮೇಲಿನ ಗಂಟನ್ನು ಪಕ್ಕಕ್ಕಿಟ್ಟು, ಅವನನ್ನು ಎತ್ತಿಕೊಂಡು ಹೋಗಿ ಬಂಡೆಯ ತುದಿಯ ಮೇಲೆ ಕೂರಿಸಿದಳು. ಅವನು ಜಾರಲಿಲ್ಲ. ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಹಾಗೇ ಕೂತಿದ್ದ. ಬಂಡೆಗೂ ಗುಡ್ಡಕ್ಕೂ ಒಡೆಯರು ಇರಬಹುದೆಂದು ಆರು ವರ್ಷದ ಮಗು ಹೆದರುವಂತೆ ಮಾಡಿದವರು, ಸಾಯುವ ತನಕ ಊರಿನ ದೊಡ್ಡವರಾಗಿಯೇ ಉಳಿದರು.

ಸಿಂಧನೂರು ಆಗ ಈಗಿನಂತಿರಲಿಲ್ಲ. ಕಾಲುವೆ ಇಲ್ಲ, ಗದ್ದೆ ಇಲ್ಲ. ಸುತ್ತ ಜೋಳದ ಹೊಲ, ಹತ್ತಿಯ ಹೊಲ, ನಡುವೆ ಸಂತೆ. ಚಾಚಾ ಅಲ್ಲಿ ಚಹದಂಗಡಿಗಳಿಗೂ ಒಂದು ಶಾಲೆಗೂ ನೀರು ಹೊರುತ್ತಿದ್ದರು. ನಮ್ಮಿಬ್ಬರನ್ನು ಆ ಶಾಲೆಗೆ ಸೇರಿಸಬೇಕೆಂದು ಅಪ್ಪ ಎರಡು ಸಲ ಹೋಗಿ ಗೇಟಿನಲ್ಲೇ ನಿಂತು ವಾಪಸು ಬಂದ. ಮೂರನೆಯ ಸಲ ಹೋಗುವ ಧೈರ್ಯ ಅವನಿಗಿರಲಿಲ್ಲ. ನೀ ಹೋಗಬ್ಯಾಡ, ನಾ ಕರ್ಕೊಂಡು ಹೋಗ್ತೀನಿ ಎಂದು ಚಾಚಾ ನಮ್ಮ ಕೈ ಹಿಡಿದರು. ಅಂದು ಅವರು ಮಶಕ ಹೊತ್ತಿರಲಿಲ್ಲ. ಒಗೆದ ಅಂಗಿ ಹಾಕಿಕೊಂಡಿದ್ದರು, ಬಲಭಾಗ ಒಣಗಿತ್ತು. ನಮ್ಮನ್ನು ಶಾಲೆಯ ಜಗಲಿಯ ಮೇಲೆ ಕೂರಿಸಿ ಒಳಗೆ ಹೋಗಿ ಗುಮಾಸ್ತನೊಂದಿಗೆ ಉರ್ದುವಿನಲ್ಲಿ ಮೆಲ್ಲಗೆ ಮಾತಾಡಿದರು. ಗುಮಾಸ್ತ ತಮ್ಮನನ್ನು ನೋಡಿ ಬರೆದುಕೊಂಡ. ನನ್ನನ್ನು ನೋಡಿ ಲೇಖನಿ ಕೆಳಗಿಟ್ಟ. ಹುಡುಗಿ ಯಾಕೆ ಎಂದಿರಬೇಕು.

ಚಾಚಾ ಈ ಸಲ ಕನ್ನಡದಲ್ಲೇ ಹೇಳಿದರು, ನನಗೂ ಕೇಳಲೆಂದು ಕಾಣುತ್ತದೆ: “ಈಕಿನ್ನೂ ಬರೀರಿ. ತಮ್ಮಗ ಅಕ್ಷರ ಕಲಿಸ್ಯಾಳ ಈಕಿ. ಈಕಿನ್ನ ಬಿಟ್ಟು ಅವನ್ನೊಬ್ಬನ್ನ ಬರಕೊಂಡ್ರ ನಿಮ್ಮ ಪುಸ್ತಕ ತಪ್ಪಾಗತೈತಿ.”

ಬರೆದರು. ಕೋಣೆಯ ಒಳಗೆ, ಕೊನೆಯ ಸಾಲಿನಲ್ಲಿ ಕೂತೆವು. ಮೊದಲ ಬಾರಿ ಕರಿಹಲಗೆ ಪೂರ್ತಿ ಕಾಣಿಸಿತು. ತಲೆ ಬಾಲ ಎರಡೂ ಇರುವ ಒಂದು ಮಾತನ್ನು ಪಾಟಿಯ ಮೇಲೆ ಬರೆದಾಗ ನನಗೆ ಅಳು ಬಂತು. ಆಟದ ಹೊತ್ತಿಗೆ ಎಲ್ಲರೂ ನಮ್ಮನ್ನು ಕರೆಯುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಇಬ್ಬರು ಮೂವರು ಕರೆದರು. ಅಷ್ಟು ಸಾಕಾಯಿತು ತಮ್ಮನಿಗೆ. ಅವನು ಎಷ್ಟು ಓಡುತ್ತಿದ್ದನೆಂದರೆ, ಮೊದಲ ಒಂದು ತಿಂಗಳು ಅವನ ಮೊಣಕಾಲಿನ ಗಾಯ ಆರಲೇ ಇಲ್ಲ. ನೀರು ಹಾಕಲು ಬರುತ್ತಿದ್ದ ಚಾಚಾ ಆ ಗಾಯ ನೋಡಿ ಒಮ್ಮೆಯೂ ಬೈಯಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ನಿಜಾಮರ ಆಳ್ವಿಕೆ ಮುಗಿಯುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಚಾಚಾರಿಗೆ ಜ್ವರ ಬಂತು. ಮಸ್ಕಿಯ ಕಡೆ ದಾರಿ ರಿಪೇರಿಗೆ ನೀರು ಹೊರುವ ಕೆಲಸಕ್ಕೆ ಹೋಗಿದ್ದರು. ಬಂಡಿಯಲ್ಲಿ ಮಲಗಿಸಿಕೊಂಡು ತಂದರು. ಐದು ದಿನ ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದರು. ನಾನೂ ತಮ್ಮನೂ ಶಾಲೆ ಬಿಟ್ಟೊಡನೆ ಹೋಗಿ ಕೂರುತ್ತಿದ್ದೆವು. ಕೊನೆಯ ದಿನ ನನ್ನ ತಮ್ಮ ಪುಸ್ತಕ ತೆಗೆದು ಓದಿದ. ಅವರಿಗೆ ಕೇಳಿಸಿತೋ ಇಲ್ಲವೋ. ಕಣ್ಣು ತೆರೆಯದೆ, ನಿಲ್ಲಿಸಬ್ಯಾಡ ಎನ್ನುವಂತೆ ಬೆರಳಾಡಿಸಿದರು. ಅವನು ಪಾಠ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡರು. ಅಪ್ಪ ಸಂತೆಯ ಕೆಲಸ ಬಿಟ್ಟು ಬಂದು ಜನಾಜೆಯ ಹಿಂದೆ ಖಬರಸ್ತಾನದ ತನಕ ನಡೆದ. ಮರುವರ್ಷ ಆಳ್ವಿಕೆ ಬದಲಾದಾಗ ನಮ್ಮ ಕಡೆ ಅವರಂಥ ಬಡ ಮುಸಲ್ಮಾನರ ಮೇಲೆ, ಯಾರಿಗೂ ಯಾವ ಕೇಡೂ ಮಾಡದವರ ಮೇಲೆ, ಏನೇನು ನಡೆಯಿತೆಂದು ಕಂಡಿದ್ದೇನೆ. ಅದನ್ನು ನೋಡಲು ಅವರು ಉಳಿಯಲಿಲ್ಲ. ಅದಕ್ಕೆ ಸಮಾಧಾನ ಪಡಬೇಕಾಗಿ ಬಂದದ್ದಕ್ಕೂ ನನಗೆ ಸಿಟ್ಟಿದೆ.

ನಾನು ಕಲಿತೆ. ಟೀಚರ್ ಆದೆ. ಮುಕ್ಕುಂದದಲ್ಲಿ, ದಢೇಸುಗೂರಿನಲ್ಲಿ, ಇನ್ನೂ ಎಷ್ಟೋ ಊರುಗಳಲ್ಲಿ ಪಾಠ ಹೇಳಿದೆ. ಹೋದ ಕಡೆಯಲ್ಲೆಲ್ಲ ನನ್ನ ಶಾಲೆಯ ಆಟದ ಬಯಲಿಗೆ ಬೀಗ ಹಾಕಲು ಬಿಡಲಿಲ್ಲ. ಅದಕ್ಕಾಗಿ ಪಂಚಾಯತಿಯವರೊಂದಿಗೆ, ಕಣ ಮಾಡಿಕೊಳ್ಳಲು ಬಂದ ರೈತರೊಂದಿಗೆ, ಮೇಲಧಿಕಾರಿಗಳೊಂದಿಗೆ ಜಗಳವಾಡಿದ್ದೇನೆ. ಜಗಳಗಂಟಿ ಎಂದು ಹೆಸರೂ ಬಂದಿದೆ. ಇರಲಿ.

ನಿವೃತ್ತಿಯ ಹೊತ್ತಿಗೆ ನನ್ನ ಜನ್ಮದಿನಾಂಕದ ಬಗ್ಗೆ ತಕರಾರು ಬಂತು. ಮೊದಲು ಸೇರಿದ ಶಾಲೆಯ ದಾಖಲೆ ತರಬೇಕೆಂದರು. ಸಿಂಧನೂರಿನ ಆ ಶಾಲೆಯಲ್ಲಿ ಹಳೆಯ ಉರ್ದು ದಫ್ತರ ಇನ್ನೂ ಇತ್ತು. ಗುಮಾಸ್ತ ಚಿಕ್ಕ ವಯಸ್ಸಿನವನು, ಒಳ್ಳೆಯವನು, ಅವನಿಗೆ ಉರ್ದು ಬಾರದು. ನಾನೇ ಹಾಳೆ ತಿರುವಿದೆ. ನನ್ನ ಹೆಸರು ಸಿಕ್ಕಿತು, ಅದರ ಮೇಲೆ ತಮ್ಮನದು. ಪಾಲಕರ ಹೆಸರು ಬರೆಯುವ ಕಡೆ ಅಪ್ಪನ ಹೆಸರಿರಲಿಲ್ಲ. ಚಾಚಾರ ಹೆಸರಿತ್ತು. ಕಸುಬು ಎಂಬಲ್ಲಿ ಭಿಸ್ತಿ. ಸಂಬಂಧ ಎಂಬಲ್ಲಿ ತಮ್ಮನ ಮುಂದೆ ಭತೀಜಾ, ನನ್ನ ಮುಂದೆ ಭತೀಜಿ. ಅಣ್ಣತಮ್ಮನ ಮಗ, ಅಣ್ಣತಮ್ಮನ ಮಗಳು. ಜಾತಿಯ ಕಡೆ ಏನೂ ಬರೆದಿರಲಿಲ್ಲ. ಐವತ್ತು ವರ್ಷ ನನಗಿದು ಗೊತ್ತಿರಲಿಲ್ಲ. ಅಂದು ಚಾಚಾ ಗುಮಾಸ್ತನಿಗೆ ಉರ್ದುವಿನಲ್ಲಿ ಮೆಲ್ಲಗೆ ಹೇಳಿದ್ದು ಇದು.

ನಾನು ಓದಿ ಹೇಳಿದ್ದನ್ನು ಗುಮಾಸ್ತ ಬರೆದುಕೊಂಡ. ಆಮೇಲೆ ತಲೆ ಕೆರೆದುಕೊಂಡ.

“ಮೇಡಮ್ಮರ, ತಂದಿ ಹೆಸರಿರೋ ಜಾಗದಾಗ ಬ್ಯಾರೆಯವರ ಹೆಸರು ಬಿದ್ದೈತ್ರಿ. ಆಗಿನವರು ತಪ್ಪು ಬರದಾರ. ಒಂದು ಅರ್ಜಿ ಕೊಡ್ರಿ, ತಿದ್ದಿ ಕೊಡ್ತೀವಿ. ಇಲ್ಲಂದ್ರ ನಿಮ್ಮ ಪೆನ್ಶನ್ ತಡಾ ಆಗತೈತಿ.”

ಪೆನ್ಶನ್ ಹನ್ನೊಂದು ತಿಂಗಳು ತಡವಾಯಿತು. ನಾನು ಅರ್ಜಿ ಕೊಡಲಿಲ್ಲ.

“ತಪ್ಪಲ್ಲಪ್ಪ ಅದು, ಹಂಗ ಇರ್ಲಿ” ಎಂದು ಅವನಿಗೆ ಹೇಳಿ, ದಫ್ತರ ಮುಚ್ಚಿ ಅವನ ಕೈಗೆ ಕೊಟ್ಟು ಬಂದೆ.